ಅರ್ಜಿ ತಾತನ ಅಲಂಕಾರಶಾಸ್ತ್ರ

ಹೋದ ತಿಂಗಳು ವಿದುರಾಶ್ವತ್ಥಕ್ಕೆ ಹೋಗಿದ್ದವಳು ದಾರಿಬದಿಯ ಜಾಲಿಮರದಿಂದ ಒಂದಿಷ್ಟು ಗೋಂದು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡು ಬಂದೆ. ಮರದಲ್ಲಿ ಗೋಂದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಅಷ್ಟೆ. ಹಳೆಯ ಔಷಧಿ ಸೀಸೆಯೊಂದರಲ್ಲಿ ನೀರು ಹಾಕಿ ನೆನೆಸಿಟ್ಟು ಮರೆತೂಬಿಟ್ಟೆ. ಮೂರು ದಿನ ಬಿಟ್ಟು ಮುಚ್ಚಳ ತೆಗೆದಾಗ ಆ ವಾಸನೆ ಬಂತು. ಸ್ವಲ್ಪ ಹುಳಿ, ಸ್ವಲ್ಪ ತೊಗಟೆಯ ಕಹಿ... "ಏನತ್ತೆ ಇದು, ಗಬ್ಬು ನಾರ್ತಾ ಇದೆ" ಎಂದು ಸೊಸೆ ಮೂಗು ಮುಚ್ಚಿಕೊಂಡಳು. ನಾನು ಸೀಸೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಅರವತ್ತು ವರ್ಷಗಳ ಹಿಂದೆ, ಗೌರಿಬಿದನೂರಿನ ನಮ್ಮ ಪಕ್ಕದ ಮನೆಯ ಜಗಲಿಯಿಂದ ಬೆಳಗಾದರೆ ಬರುತ್ತಿದ್ದ ವಾಸನೆ ಅದು.

ಆ ಮನೆಯಲ್ಲಿ ಇದ್ದವರನ್ನು ನಾವು ಅರ್ಜಿ ತಾತ ಎನ್ನುತ್ತಿದ್ದೆವು. ಅಕ್ಷರ ಬಾರದ ಜನಕ್ಕೆ ತಾಲ್ಲೂಕು ಕಚೇರಿಯ ಅರ್ಜಿ ಬರೆದುಕೊಡುವುದು ಅವರ ಕಸುಬು. ಹತ್ತೂವರೆಯ ಮೇಲೆ ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ಕೂರುತ್ತಿದ್ದರು. ಅದಕ್ಕೆ ಮುಂಚೆ ಮನೆಯ ಜಗಲಿಯೇ ಕಚೇರಿ. ತೊಂಡೇಬಾವಿ ಕಡೆಯಿಂದ ಬೆಳಗಿನ ರೈಲಿನಲ್ಲಿ ಬಂದವರು ಸ್ಟೇಷನ್ನಿನಿಂದ ನೇರ ಅಲ್ಲಿಗೇ ಬರುತ್ತಿದ್ದರು. ತಾತ ಒಂದು ಹಾಳೆ ತೆಗೆದು, ಉದ್ದಕ್ಕೆ ಮಡಿಸಿ ಎಡಗಡೆ ಅಂಚಿನ ಗೆರೆ ಮೂಡಿಸಿ, ಮೇಲೆ ಸ್ಟಾಂಪಿಗೆ ಗೋಂದು ಹಚ್ಚಿ ಅಂಟಿಸಿ, ಆಮೇಲೆ "ಹೂಂ, ಹೇಳಪ್ಪ" ಎನ್ನುತ್ತಿದ್ದರು. ನಾನು ನಮ್ಮ ಬಾಗಿಲಿಗೆ ರಂಗೋಲಿ ಹಾಕುವ ನೆಪದಲ್ಲಿ ಅರ್ಧ ಗಂಟೆ ಅಲ್ಲೇ ಇರುತ್ತಿದ್ದೆ. ನಾಲ್ಕು ಎಳೆಯ ರಂಗೋಲಿಗೆ ಅರ್ಧ ಗಂಟೆ ಯಾಕೆ ಬೇಕು ಎಂದು ಅಮ್ಮನಿಗೆ ಅರ್ಥವಾಗುತ್ತಿರಲಿಲ್ಲ.

ಆ ಜಗಲಿಯಲ್ಲಿ ಕೇಳಿದಂಥ ಮಾತು ನಾನು ಬೇರೆಲ್ಲೂ ಕೇಳಲಿಲ್ಲ. ಒಬ್ಬ ರೈತ, "ನಮ್ಮ ಬಾವಿ ಪಾತಾಳ ಮುಟ್ಟಿದೆ ಸ್ವಾಮಿ, ಆದ್ರೂ ತೊಟ್ಟು ನೀರಿಲ್ಲ" ಎಂದ. ತಾತ ತಲೆ ಎತ್ತದೆ, "ಅತಿಶಯೋಕ್ತಿ. ಎಷ್ಟು ಆಳುದ್ದ ತೋಡಿದ್ದೀಯ?" ಎಂದರು. ಎಂಟಾಳು ಎಂದ. ಹಾಳೆಯ ಮೇಲೆ ಎಂಟಾಳು ಎಂದು ಬಂತು. ಇನ್ನೊಮ್ಮೆ ಒಬ್ಬ ಹೆಂಗಸು ಗಂಡನ ತಮ್ಮನ ಮೇಲೆ ದೂರು ಹೊತ್ತು ಬಂದಿದ್ದಳು. "ನನ್ನ ಮೈದ ಹುಲಿ ಸ್ವಾಮಿ, ಹುಲಿ" ಎಂದು ಎದೆ ಬಡಿದುಕೊಂಡಳು. "ಇದು ರೂಪಕ ಕಣಮ್ಮ. ಹುಲಿ ಅಂತ ಬರೆದ್ರೆ ಅಮಲ್ದಾರರು ನಿನ್ನ ಅರ್ಜೀನ ಅರಣ್ಯ ಇಲಾಖೆಗೆ ಕಳಿಸಿಬಿಡ್ತಾರೆ. ಅವನು ಏನ್ ಮಾಡ್ದ ಅಷ್ಟು ಹೇಳು" ಎಂದರು ತಾತ. ಬೇಲಿ ಕಿತ್ತು ಎರಡು ಸಾಲು ಒಳಗೆ ಹಾಕಿಕೊಂಡಿದ್ದಾನೆ ಎಂದಳು. ಅಷ್ಟನ್ನೇ ಬರೆದರು.

ಮೆಳ್ಯದ ಕಡೆಯ ಮುದುಕರೊಬ್ಬರು ಮಾತ್ರ ತಾತನನ್ನೇ ನಗಿಸಿಬಿಟ್ಟರು. "ನಮ್ಮ ಶಾನುಭೋಗರು ದೇವರಂಥೋರು ಸ್ವಾಮಿ. ನಮ್ಮ ಹೊಲಾನೂ ತಮ್ದೇ ಅಂದ್ಕೊಂಡು ನೋಡ್ಕೋತಾರೆ" ಎಂದರು. ತಾತ ಲೇಖನಿ ಕೆಳಗಿಟ್ಟು ನಕ್ಕು, ಗೋಡೆಯಾಚೆ ಇದ್ದ ನನ್ನನ್ನು ಕೂಗಿದರು. "ಅಮ್ಮಯ್ಯಾ, ಬಾ ಇಲ್ಲಿ. ವ್ಯಾಜಸ್ತುತಿ ಅಂದ್ರೆ ಏನು ಅಂತ ನಿಮ್ಮ ಸ್ಕೂಲ್ನಲ್ಲಿ ಹೇಳ್ಕೊಟ್ಟಿದ್ದಾರಾ? ಹೊಗಳಿದ ಹಾಗೆ ಮಾಡಿ ತೆಗಳೋದು. ಈ ಯಜಮಾನ್ರು ಹುಟ್ಟಿದಾಗಿಂದ ಅದನ್ನೇ ಆಡ್ಕೊಂಡು ಬಂದಿದ್ದಾರೆ, ಅದಕ್ಕೊಂದು ಹೆಸರಿದೆ ಅಂತ ಅವರಿಗೆ ಗೊತ್ತಿಲ್ಲ, ಅಷ್ಟೆ."

ತಾತ ಚಿಕ್ಕವಯಸ್ಸಿನಲ್ಲಿ ಪಂಡಿತ ಪರೀಕ್ಷೆಗೆ ಓದಿದ್ದವರಂತೆ. ತಂದೆ ತೀರಿಕೊಂಡು ಓದು ನಿಂತಿತು. ಓದಿದ್ದು ಮಾತ್ರ ಒಳಗೆ ಹಾಗೇ ಉಳಿದು, ದಿನವೂ ಅರ್ಜಿಯ ಅಂಚಿನಿಂದಾಚೆ ಹೊರಬರುತ್ತಿತ್ತು. ಶಾಲೆಯ ಪಾಠವೂ ಅದೇ ಎಂದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೆ ಪರೀಕ್ಷೆಯಲ್ಲಿ ನನಗೆ ಆ ಗತಿ ಬರುತ್ತಿರಲಿಲ್ಲ.

ಶಾಲೆಯಲ್ಲಿ ಅಲಂಕಾರ ಎಂದರೆ ನನಗೆ ಕಷಾಯ. ನಮ್ಮ ಕನ್ನಡ ಪಂಡಿತರು ಲಕ್ಷಣಗಳನ್ನು ರಾಗವಾಗಿ ಹೇಳಿಸುತ್ತಿದ್ದರು. ಎರಡು ವಸ್ತುಗಳಿಗಿರುವ ಸಾದೃಶ್ಯವನ್ನು ಹೇಳಿದರೆ ಉಪಮೆ. ಎರಡಕ್ಕೂ ಭೇದವೇ ಇಲ್ಲ ಎಂದರೆ ರೂಪಕ. ಒಂದನ್ನು ಇನ್ನೊಂದಾಗಿ ಕಲ್ಪಿಸಿಕೊಂಡರೆ ಉತ್ಪ್ರೇಕ್ಷೆ. ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಆದರೆ ಲಕ್ಷಣ ಬರೆದು ಸುಮ್ಮನಾದರೆ ಆಗುತ್ತಿರಲಿಲ್ಲ, ಸ್ವಂತ ಉದಾಹರಣೆ ಕೊಟ್ಟು ಬಿಡಿಸಿ ತೋರಿಸಬೇಕು. ಹೋಲಿಸಿದ್ದು ಯಾವುದನ್ನು, ಅದು ಉಪಮೇಯ. ಯಾವುದಕ್ಕೆ, ಅದು ಉಪಮಾನ. ಹೋಲಿಸಲು ಬಳಸಿದ ಪದ ಉಪಮಾವಾಚಕ. ಎರಡರಲ್ಲೂ ಇರುವ ಗುಣ ಸಮಾನಧರ್ಮ.

ಎಸ್ಸೆಸ್ಸೆಲ್ಸಿಗೆ ಯಾರನ್ನು ಕಳಿಸಬೇಕು, ಯಾರನ್ನು ಬೇಡ ಎಂದು ತೀರ್ಮಾನಿಸಲು ಜನವರಿಯಲ್ಲಿ ಶಾಲೆಯೇ ಒಂದು ಪರೀಕ್ಷೆ ಮಾಡುತ್ತಿತ್ತು. ಅದರಲ್ಲಿ ಮೂರು ಅಲಂಕಾರಗಳಿಗೆ ಉದಾಹರಣೆ ಕೇಳಿದ್ದರು, ಮೊದಲನೆಯದು ಉಪಮೆ. ನಾನು ಯೋಚಿಸಿದೆ. ನಮ್ಮಪ್ಪ ಒಂದು ಮಾತು ಹಿಡಿದು ಕೂತರೆ ಅಜ್ಜಿ ಅನ್ನುತ್ತಿದ್ದದ್ದು ನೆನಪಾಯಿತು. ಖುಷಿಯಿಂದ ಬರೆದೆ: "ಮಾ ನಾಯನ ಗುಂಡ್ರಾಯಿಲಾಗ ಕೂರ್ಚುನ್ನಾಡು." ಉಪಮೇಯ, ಅಪ್ಪ. ಉಪಮಾನ, ಗುಂಡುಕಲ್ಲು. ಸಮಾನಧರ್ಮ, ಅಲುಗಾಡದೆ ಕೂರುವುದು. ಉಪಮಾವಾಚಕ, ಲಾಗ. ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಅದು ತೆಲುಗು ಎಂದು ನನಗೆ ಹೊಳೆಯಲೇ ಇಲ್ಲ. ಈಗ ಹೇಳಿದರೆ ನಗುತ್ತೀರಿ. ನಮ್ಮ ಸೀಮೆಯಲ್ಲಿ ಹುಟ್ಟಿದವರು ಮಾತ್ರ ನಂಬುತ್ತಾರೆ. ಅಜ್ಜಿ ತೆಲುಗಿನಲ್ಲಿ ಬೈದರೆ ಅಮ್ಮ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು, ಅಪ್ಪ ಎರಡನ್ನೂ ಕಲಸಿ ಇಬ್ಬರನ್ನೂ ಗದರಿಸುತ್ತಿದ್ದರು. ಯಾವುದು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ ಎಂದು ನಾವು ಯಾರೂ ನೋಡಿದವರಲ್ಲ. ಅದೇ ಅಭ್ಯಾಸದಲ್ಲಿ ಉಳಿದ ಎರಡು ಉದಾಹರಣೆಗಳನ್ನೂ ಅಜ್ಜಿಯ ಬಾಯಿಂದಲೇ ಎತ್ತಿ ಬರೆದಿದ್ದೆ.

ಪಂಡಿತರು ನನ್ನ ಉತ್ತರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. "ಉಪಮಾವಾಚಕ, ಲಾಗ" ಎಂದಾಗ ಇಡೀ ತರಗತಿ ನಕ್ಕಿತು. ಮನೆಯಲ್ಲಿ ನನಗಿಂತ ಹೆಚ್ಚು ತೆಲುಗು ಆಡುವವರೂ ನಕ್ಕರು. ಅಲಂಕಾರದ ಪ್ರಶ್ನೆಗೆ ಸೊನ್ನೆ. ಆ ಸೊನ್ನೆಯಿಂದಾಗಿ ಕನ್ನಡದಲ್ಲಿ ನಾಲ್ಕು ಅಂಕ ಕಡಿಮೆಯಾಗಿ, ಪರೀಕ್ಷೆಗೆ ಕಳಿಸುವವರ ಪಟ್ಟಿಯಿಂದ ನನ್ನ ಹೆಸರು ಬಿಟ್ಟುಹೋಯಿತು. ಅವತ್ತು ಮಂಗಳವಾರ. ಪಟ್ಟಿ ಬೆಂಗಳೂರಿಗೆ ಹೋಗುವುದು ಬರುವ ಸೋಮವಾರ.

ನಮ್ಮಪ್ಪ ಮೊದಲೇ ಹೇಳಿಬಿಟ್ಟಿದ್ದರು. ಪಟ್ಟಿಯಲ್ಲಿ ಹೆಸರು ಬಂದರೆ ಮುಂದೆ ಓದಲಿ, ಬರದಿದ್ದರೆ ಯುಗಾದಿ ಕಳೆದ ಮೇಲೆ ಚಿಂತಾಮಣಿಯ ಮಾವನ ಜೊತೆ ಮದುವೆ. ಮಾವ ಎಂದರೆ ಅಮ್ಮನ ಸ್ವಂತ ತಮ್ಮ. ನಮ್ಮಲ್ಲಿ ಅದು ನಡೆದು ಬಂದದ್ದೇ. ಮಾವ ಒಳ್ಳೆಯವನು, ಕಡಲೆಕಾಯಿ ವ್ಯಾಪಾರ, ನನಗೆ ಬಂದಾಗಲೆಲ್ಲ ಬಳೆ ತರುತ್ತಿದ್ದ. ಅವನ ಮೇಲೆ ನನ್ನ ದೂರೇನೂ ಇರಲಿಲ್ಲ. ನನಗೆ ಟೀಚರ್ ಆಗಬೇಕಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಕೈತಪ್ಪಿ ಹೋದೀತು ಎನ್ನುವ ಹೆದರಿಕೆ.

ಅಮ್ಮ ಸಂಜೆ ನನ್ನನ್ನು ಕರೆದುಕೊಂಡು ತಾತನ ಜಗಲಿಗೆ ಹೋದಳು. "ಹೆಡ್ಮಾಸ್ಟ್ರಿಗೆ ಒಂದು ಅರ್ಜಿ ಬರೆದುಕೊಡಿ ಮಾವಯ್ಯ, ನಿಮ್ಮ ಅರ್ಜಿ ಅಂದ್ರೆ ಅಮಲ್ದಾರ್ರೇ ಓದ್ತಾರೆ" ಎಂದಳು. ತಾತ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಆಗಲ್ಲ ಎಂದುಬಿಟ್ಟರು.

"ನನ್ ಹತ್ರ ಬರೋರಿಗೆ ಅಕ್ಷರ ಬರಲ್ಲಮ್ಮ, ಅದಕ್ಕೆ ಬರೀತೀನಿ. ಇವಳಿಗೆ ಬರುತ್ತಲ್ಲ. ಇವಳ ಅರ್ಜಿ ಇವಳೇ ಬರೀಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಊರಿಗೆಲ್ಲ ಬರೆದುಕೊಡುವ ಮನುಷ್ಯ, ಪಕ್ಕದ ಮನೆಯ ಹುಡುಗಿಗೆ ಒಂದು ಹಾಳೆ ಬರೆಯಲಾರರೇ. ಮನೆಗೆ ಬಂದವಳು ನೀರಿನ ಬಿಂದಿಗೆಯನ್ನು ಧಡಾರನೆ ಕುಕ್ಕಿದೆ. "ಅತ್ತ ಮೀದ ಕೋಪಂ ದುತ್ತ ಮೀದ" ಎಂದರು ಅಜ್ಜಿ. ಅತ್ತೆಯ ಮೇಲಿನ ಸಿಟ್ಟನ್ನು ಗಡಿಗೆಯ ಮೇಲೆ ತೀರಿಸಿಕೊಂಡಳು ಎಂದು. ನನ್ನನ್ನು ಈ ಗತಿಗೆ ತಂದ ಬಾಯಿ ಇನ್ನೂ ಸುಮ್ಮನಾಗಿರಲಿಲ್ಲ.

ಹಟಕ್ಕೆ ಬಿದ್ದು ಬರೆದೆ. ಮಾರನೆಯ ದಿನ ಬೆಳಿಗ್ಗೆ ಜಗಲಿಯ ಮೇಲೆ ಹಾಳೆ ಇಟ್ಟು ನಿಂತೆ. ಅದರ ಮೊದಲ ಸಾಲುಗಳು ನನಗಿನ್ನೂ ಬಾಯಿಗೆ ಬರುತ್ತವೆ. ದಯಾಸಾಗರರಾದ ಮುಖ್ಯೋಪಾಧ್ಯಾಯರ ಪಾದಕಮಲಗಳಿಗೆ... ನನ್ನ ಕಣ್ಣೀರು ಉತ್ತರ ಪಿನಾಕಿನಿ ನದಿಯಂತೆ ಹರಿಯುತ್ತಿದೆ... ಮೂರು ದಿನಗಳಿಂದ ಅನ್ನ ನೀರು ಮುಟ್ಟಿಲ್ಲ... ಆಕಾಶವೇ ನನ್ನ ತಲೆಯ ಮೇಲೆ ಕಳಚಿಬಿದ್ದಿತೋ ಎಂಬಂತಾಗಿದೆ...

ತಾತ ಕನ್ನಡಕ ಸರಿಮಾಡಿಕೊಂಡು ಓದಿದರು. ನಗಲಿಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿ ಲೇಖನಿಯ ತುದಿ ಇಟ್ಟರು.

"ದಯಾಸಾಗರ. ಇದೇನು?"

ಯೋಚಿಸಿ, "ರೂಪಕ" ಎಂದೆ.

"ಯಾಕೆ?"

"ದಯೆಗೂ ಸಾಗರಕ್ಕೂ ಭೇದ ಇಲ್ಲ ಅಂದಿದ್ದೀನಿ."

"ಸರಿ, ಹೊಡೆದುಹಾಕು ಅದನ್ನ. ಪಾದಕಮಲ?"

"ಅದೂ ರೂಪಕ."

"ಹೊಡಿ. ನದಿಯಂತೆ?"

"ಉಪಮೆ ತಾತ. ಕಣ್ಣೀರು ಉಪಮೇಯ, ನದಿ ಉಪಮಾನ, ಅಂತೆ ವಾಚಕ, ಹರಿಯೋದು ಸಮಾನಧರ್ಮ."

"ಸರಿಯಾಗಿ ಹೇಳ್ದೆ. ಆದ್ರೆ ಜನವರಿ ತಿಂಗಳಲ್ಲಿ ನಮ್ಮ ಪಿನಾಕಿನೀಲಿ ನೀರೆಲ್ಲಮ್ಮ ಇದೆ, ಬರೀ ಮರಳು. ಅಳ್ತೀಯಾ ನೀನು?"

"ಇಲ್ಲ. ಸಿಟ್ಟು ಬಂದಿದೆ."

"ಮತ್ತೆ ಹೊಡಿ. ಅನ್ನ ನೀರು ಮುಟ್ಟಿಲ್ಲ ಅಂತೀಯ, ಬೆಳಿಗ್ಗೆ ರೊಟ್ಟಿ ತಟ್ಟೋ ಸದ್ದು ಕೇಳಿಸ್ತು. ಎಷ್ಟು ತಿಂದೆ?"

"ಎರಡು" ಎಂದೆ. ಅತಿಶಯೋಕ್ತಿ ಎಂದು ನಾನೇ ಹೇಳಿ ನಾನೇ ಹೊಡೆದೆ. ಆಕಾಶ ಕಳಚಿಬಿದ್ದದ್ದು ಉತ್ಪ್ರೇಕ್ಷೆ ಎಂದು ಹೇಳುವಾಗ ನನಗೇ ನಗು ಬಂದುಬಿಟ್ಟಿತು. ಹಾಳೆಯಲ್ಲಿ ಕೊನೆಗೆ ಉಳಿದದ್ದು ನನ್ನ ಹೆಸರು ಮತ್ತು ತರಗತಿ.

ಹೀಗೆ ನಾಲ್ಕು ಬೆಳಗು ನಡೆಯಿತು. ನಾನು ಬರೆದುಕೊಂಡು ಹೋಗುವುದು, ಹೆಸರು ಹೇಳುವುದು, ಹೊಡೆಯುವುದು. ನಡುನಡುವೆ ಅರ್ಜಿಗೆ ಬಂದ ಜನರ ಮಾತನ್ನೂ ಹಿಡಿದು, "ಇದೇನು ಹೇಳು ನೋಡಣ" ಎನ್ನುತ್ತಿದ್ದರು. ಒಂದು ವರ್ಷ ರಾಗವಾಗಿ ಹೇಳಿದರೂ ತಲೆಗೆ ಹತ್ತದ್ದು ಆ ನಾಲ್ಕು ದಿನದಲ್ಲಿ ಹತ್ತಿತು. ಮೂರನೆಯ ದಿನ ನಾನು ಸೋತು, "ಎಲ್ಲಾ ಹೊಡೆಸ್ತೀರಲ್ಲ, ಅಲಂಕಾರ ಮಾಡಿದ್ರೆ ತಪ್ಪಾ?" ಎಂದು ಕೇಳಿಯೇಬಿಟ್ಟೆ.

"ತಪ್ಪಲ್ಲ ಕಣಮ್ಮ. ಮದುವೆ ಹೆಣ್ಣಿಗೆ ಒಡವೆ ಹಾಕ್ತಾರೆ. ನೀರು ಸೇದೋಕೆ ಹೋಗೋಳಿಗೆ ಹಾಕ್ತಾರಾ? ನೀನೀಗ ನೀರು ಸೇದೋಕೆ ಹೊರಟಿದ್ದೀಯ."

"ಮದುವೆ ವಿಷಯ ಬರೀಲಾ ತಾತ?"

"ಬೇಡ. ಕೇಳದೆ ಹೇಳಿದ್ರೆ ಗೋಳು, ಕೇಳಿದಾಗ ಹೇಳಿದ್ರೆ ಉತ್ತರ. ಅವ್ರು ಕೇಳಿದ್ರೆ ಹೇಳು."

ಭಾನುವಾರ ಬೆಳಿಗ್ಗೆ ತೆಗೆದುಕೊಂಡು ಹೋದ ಹಾಳೆಯಲ್ಲಿ ಇದ್ದದ್ದು ಇಷ್ಟೇ. "ಅಲಂಕಾರದ ಪ್ರಶ್ನೆಗೆ ನಾನು ಕೊಟ್ಟ ಉದಾಹರಣೆಗಳು ತೆಲುಗಿನಲ್ಲಿವೆ. ನಮ್ಮ ಮನೆಯಲ್ಲಿ ಎರಡು ಮಾತೂ ಆಡುತ್ತೇವೆ. ಬರೆಯುವಾಗ ಅದು ತೆಲುಗು ಎಂದು ನನಗೆ ತಿಳಿಯಲಿಲ್ಲ. ತಪ್ಪು ನನ್ನದು. ಅಂಕ ಹೆಚ್ಚಿಸಿ ಎಂದು ಕೇಳುವುದಿಲ್ಲ. ಯಾವ ಅಲಂಕಾರ ಕೇಳಿದರೂ ಈಗ ಕನ್ನಡದಲ್ಲಿ ಹೇಳುತ್ತೇನೆ. ಹೇಳಲಾಗದಿದ್ದರೆ ನನ್ನನ್ನು ಪರೀಕ್ಷೆಗೆ ಕಳಿಸುವುದು ಬೇಡ."

ತಾತ ಎರಡು ಸಲ ಓದಿದರು. ಲೇಖನಿ ಮುಟ್ಟಲಿಲ್ಲ. "ಇದರಲ್ಲಿ ಒಂದು ಅಲಂಕಾರವೂ ಇಲ್ಲ, ಸಪ್ಪೆ" ಎಂದೆ ನಾನು.

"ಇದೆ" ಎಂದರು. "ಸ್ವಭಾವೋಕ್ತಿ ಅಂತ. ಇದ್ದದ್ದನ್ನ ಇದ್ದ ಹಾಗೆ, ಕಣ್ಣಿಗೆ ಕಟ್ಟೋ ಹಾಗೆ ಹೇಳೋದು. ಎಲ್ಲಕ್ಕಿಂತ ಕಷ್ಟ ಇದೇನೆ. ಹೋಗು."

ಸೋಮವಾರ ಹೆಡ್ಮಾಸ್ಟರ ಕೋಣೆಗೆ ಒಬ್ಬಳೇ ಹೋದೆ. ಹಾಳೆಯನ್ನು ಮೇಜಿನ ಮೇಲಿಟ್ಟೆ. ಅವರು ಓದಿ, ಜವಾನನನ್ನು ಕಳಿಸಿ ಕನ್ನಡ ಪಂಡಿತರನ್ನು ಕರೆಸಿದರು. ಪಂಡಿತರಿಗೆ ನನ್ನ ಧೈರ್ಯ ಹಿಡಿಸಲಿಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು. "ಉತ್ಪ್ರೇಕ್ಷೆ" ಎಂದರು. ಗೌರಿಬಿದನೂರಿನ ಬಿಸಿಲು ನೋಡಿದರೆ ಸೂರ್ಯ ಇಲ್ಲಿಯೇ ಬಾಡಿಗೆ ಮನೆ ಹಿಡಿದಿದ್ದಾನೋ ಎಂಬಂತಿದೆ ಎಂದೆ. "ವ್ಯಾಜಸ್ತುತಿ" ಎಂದರು. ಶಾನುಭೋಗರ ಮಾತು ಹೇಳಿದೆ. ಹೆಡ್ಮಾಸ್ಟರು ಕರ್ಚೀಫು ತೆಗೆದು ಬಾಯಿ ಒರೆಸಿಕೊಂಡರು. ಅತಿಶಯೋಕ್ತಿಗೆ ಪಾತಾಳದ ಬಾವಿ ಇತ್ತು, ರೂಪಕಕ್ಕೆ ಹುಲಿ ಇತ್ತು.

ಕೊನೆಗೆ ಪಂಡಿತರು, "ಉಪಮೆ ಹೇಳಮ್ಮ. ಅದೇ ಉದಾಹರಣೆ. ಕನ್ನಡದಲ್ಲಿ" ಎಂದರು.

"ನಮ್ಮಪ್ಪ ಗುಂಡುಕಲ್ಲಿನ ಹಾಗೆ ಕೂತಿದ್ದಾರೆ. ಉಪಮೇಯ ಅಪ್ಪ, ಉಪಮಾನ ಗುಂಡುಕಲ್ಲು, ವಾಚಕ ಹಾಗೆ, ಸಮಾನಧರ್ಮ ಅಲುಗಾಡದೆ ಇರುವುದು."

ಪಂಡಿತರು ಸುಮ್ಮನೆ ತಲೆಯಾಡಿಸಿದರು. ಹೆಡ್ಮಾಸ್ಟರು ಮಾತ್ರ ನನ್ನನ್ನೇ ನೋಡುತ್ತಾ, "ಯಾಕಮ್ಮ ಹಾಗೆ ಕೂತಿದ್ದಾರೆ ನಿಮ್ಮಪ್ಪ?" ಎಂದು ಕೇಳಿದರು.

ಕೇಳಿದ್ದರು. ಅದಕ್ಕೆ ಹೇಳಿದೆ. "ಪಟ್ಟಿಯಲ್ಲಿ ಹೆಸರು ಇಲ್ಲದಿದ್ರೆ ಯುಗಾದಿ ಆದಮೇಲೆ ನನ್ನ ಮದುವೆ ಮಾಡ್ತೀನಿ ಅಂತ ಸಾರ್."

ಪಂಡಿತರೇ ಮೇಜಿನ ಮೇಲಿದ್ದ ಪಟ್ಟಿಯನ್ನು ಎಳೆದುಕೊಂಡು, ಕೊನೆಯ ಹೆಸರಿನ ಕೆಳಗೆ ನನ್ನ ಹೆಸರು ಬರೆದರು. ಅಷ್ಟು ಮುದ್ದಾಗಿ ನನ್ನ ಹೆಸರನ್ನು ಅದುವರೆಗೆ ಯಾರೂ ಬರೆದಿರಲಿಲ್ಲ. ಹೆಡ್ಮಾಸ್ಟರು ಸಹಿ ಹಾಕಿದರು.

ಅಪ್ಪ ಆಡಿದ ಮಾತಿಗೆ ತಪ್ಪುವವರಲ್ಲ. "ಬಂತಾ? ಸರಿ, ಓದ್ಲಿ" ಎಂದು ಹೊಲಕ್ಕೆ ಹೊರಟರು. ಮಾವನಿಗೆ ಅದೇ ವರ್ಷ ಚಿಂತಾಮಣಿಯಲ್ಲೇ ಬೇರೆ ಹೆಣ್ಣು ಗೊತ್ತಾಯಿತು, ಆ ಮದುವೆಯಲ್ಲಿ ನಾನೇ ಎಲ್ಲರಿಗಿಂತ ಹೆಚ್ಚು ಓಡಾಡಿದೆ. ಎಸ್ಸೆಸ್ಸೆಲ್ಸಿ ಪಾಸಾಯಿತು. ಟ್ರೈನಿಂಗಿಗೆ ಕೋಲಾರಕ್ಕೆ ಹೋದೆ. ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ ಕೆಲಸ ಸಿಕ್ಕಿತು.

ಕೆಲಸಕ್ಕೆ ಸೇರಿದ ಕೆಲವು ತಿಂಗಳಿಗೆ ಅಮ್ಮನಿಂದ ಕಾಗದ ಬಂತು. ಅರ್ಜಿ ತಾತನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ, ಮಾತೂ ನಿಂತಿದೆ ಎಂದು. ಶನಿವಾರ ಶಾಲೆ ಬಿಟ್ಟವಳೇ ಚಿಕ್ಕಬಳ್ಳಾಪುರದ ಮೇಲಿನ ಬಸ್ಸು ಹತ್ತಿದೆ. ಅವರಿಗೆ ಒಂದು ಸಲವೂ ಸರಿಯಾಗಿ ಕೃತಜ್ಞತೆ ಹೇಳಿರಲಿಲ್ಲ. ಪಟ್ಟಿಯಲ್ಲಿ ಹೆಸರು ಬಂದ ದಿನ ಓಡಿಹೋಗಿ ಹೇಳಿದಾಗ, "ಹೋಗಮ್ಮ, ಜನ ಕಾಯ್ತಾ ಇದ್ದಾರೆ" ಎಂದು ಕಳಿಸಿಬಿಟ್ಟಿದ್ದರು. ಬಸ್ಸಿನಲ್ಲಿ ಕುಳಿತು ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ನೀವು ನನ್ನ ಪಾಲಿನ ದಾರಿದೀಪ, ನೀವು ಆಲದ ಮರ... ನಾನೀಗ ಟೀಚರ್ ಅಲ್ಲವೇ, ಬಾಯಿಗೆ ಬಂದ ಅಲಂಕಾರವನ್ನೆಲ್ಲ ಹಾಕಿದೆ.

ತಾತ ಒಳಮನೆಯಲ್ಲಿ ಮಂಚದ ಮೇಲಿದ್ದರು. ಬಾಯಿ ಒಂದು ಕಡೆಗೆ ಜಗ್ಗಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದರು, ಬರೀ ಉಸಿರು ಬಂತು. ಮಾತನ್ನೇ ನಂಬಿ ಬದುಕಿದ ಮನುಷ್ಯನನ್ನು ಹಾಗೆ ನೋಡಿದ ಮೇಲೆ ಹಾಳೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಮಂಚದ ತುದಿಯಲ್ಲಿ ಕುಳಿತು ನನ್ನ ಶಾಲೆ ಹೇಗಿದೆಯೋ ಹಾಗೆ ಹೇಳಿದೆ. ಒಂದೇ ಕೋಣೆ ತಾತ. ಹಂಚು ಒಡೆದಿದೆ. ಅರ್ಧ ಮಕ್ಕಳು ಮನೆಯಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿಯೇ ಬರುತ್ತಾರೆ, ಕೈ ಹಸುರು. ಕತೆ ಹೇಳುವಾಗ ಇದು ಯಾವುದರ ಹಾಗೆ ಇದೆ ಎಂದು ಕೇಳಿದರೆ ತೆಲುಗಿನಲ್ಲಿ ಹೇಳುತ್ತಾರೆ. ನಾನು ನಗುವುದಿಲ್ಲ. ಸರಿ ಎನ್ನುತ್ತೇನೆ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಿಸುತ್ತೇನೆ...

ಅವರು ಕಣ್ಣು ಮುಚ್ಚದೆ ಕೇಳಿದರು. ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು. ಎಡಗಣ್ಣಿನಿಂದ ಮಾತ್ರ ನೀರು ಬಂತು. ಕತ್ತಲಾಗುವ ಹೊತ್ತಿಗೆ ಎದ್ದು ಬಂದೆ. ಧನ್ಯವಾದ ಎನ್ನುವ ಮಾತು ಬಾಯಿಗೆ ಬರಲೇ ಇಲ್ಲ. ಇನ್ನೊಂದು ಸಲ ಬಂದಾಗ ಹೇಳೋಣ ಎಂದುಕೊಂಡೆ. ಹದಿನೈದು ದಿನಕ್ಕೆ ಅವರು ಹೋದರು. ಕಾಗದ ಹಳ್ಳಿಗೆ ತಲುಪುವಷ್ಟರಲ್ಲಿ ಹತ್ತನೆಯ ದಿನವೂ ಮುಗಿದಿತ್ತು.

ಈಗ ಆ ಜಗಲಿ ಇಲ್ಲ. ಆ ಮನೆಯಿದ್ದಲ್ಲಿ ಮೂರು ಅಂತಸ್ತಿನ ಅಂಗಡಿ ಸಾಲು ಎದ್ದಿದೆ. ನನ್ನ ಅಪ್ಪ, ಅಮ್ಮ, ಅಜ್ಜಿ ಯಾರೂ ಇಲ್ಲ. ಅರ್ಜಿ ತಾತನನ್ನು ನೆನೆಸಿಕೊಳ್ಳುವವರು ಊರಿನಲ್ಲಿ ನಾನೊಬ್ಬಳೇ ಉಳಿದಿದ್ದೇನೋ ಏನೋ. ಮೂವತ್ತೈದು ವರ್ಷ ಪಾಠ ಮಾಡಿದೆ. ನನ್ನ ಕೈಯಲ್ಲಿ ಅಕ್ಷರ ತಿದ್ದಿದವರು ಮೊನ್ನೆ ಕೂಡ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಕಾಲಿಗೆ ಬಿದ್ದರು. ಆ ನಮಸ್ಕಾರ ಯಾರಿಗೆ ಸೇರಬೇಕೋ ಅವರಿಗೆ ತಲುಪಿಸುವ ದಾರಿ ನನಗೆ ಗೊತ್ತಿಲ್ಲ, ಅದೇ ಸಂಕಟ. ಹೇಳಬೇಕಿತ್ತು. ಅವತ್ತೇ, ಕೈ ಹಿಡಿದುಕೊಂಡಿದ್ದಾಗಲೇ ಹೇಳಬೇಕಿತ್ತು.

ನೀವು ಆ ದಿನ ನನ್ನ ಅರ್ಜಿ ಬರೆದುಕೊಟ್ಟಿದ್ದರೆ ಪಂಡಿತರ ಪ್ರಶ್ನೆಗಳ ಮುಂದೆ ಸೋತು ನಾನು ಚಿಂತಾಮಣಿಗೆ ಹೋಗಿ ಸುಖವಾಗಿಯೇ ಇರುತ್ತಿದ್ದೆ. ಬರೆದುಕೊಡಲಿಲ್ಲ, ಅದರಿಂದ ನನಗೊಂದು ಬಾಳು ಸಿಕ್ಕಿತು. ಇದು ಅತಿಶಯೋಕ್ತಿಯಲ್ಲ, ತಾತ.